ಫೆಜ್ ಟೋಪಿ ಕಂಡ ಕೂಡಲೇ ತುರ್ಕಿ ಅನ್ನಬೇಡಿ

ನಿಮ್ಮ ಕೈಗೆ ಒಂದು ಹಳೇ ಫೋಟೋ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಮೊದಲ ಮಹಾಯುದ್ಧದ ಕಾಲದ್ದು, 1916ರ ಆಸುಪಾಸು. ಹಿಮ ಬಿದ್ದ ಬೆಟ್ಟದ ಮುಂದೆ ಎಂಟು ಹತ್ತು ಸೈನಿಕರು ಸಾಲಾಗಿ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ ಕುಚ್ಚು ಇಳಿಬಿಟ್ಟ ಫೆಜ್ ಟೋಪಿ. ಯಾರಿವರು?

ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ‘ತುರ್ಕಿಯವರು’ ಅಂತಾರೆ. ಮರುಕ್ಷಣವೇ ‘ಮುಸ್ಲಿಮರು’ ಅಂತಲೂ ಸೇರಿಸುತ್ತಾರೆ. ಎರಡೂ ತಪ್ಪಾಗಿರಬಹುದು. ಹಿಮದ ಬೆಟ್ಟ, ಫೆಜ್ ಟೋಪಿ ಎರಡೂ ಒಟ್ಟಿಗೆ ಇದ್ದರೆ ಅವರು ವಿಯೆನ್ನಾದ ಕ್ಯಾಥೊಲಿಕ್ ಚಕ್ರವರ್ತಿಯ ಸೈನಿಕರಾಗಿರುವ ಸಾಧ್ಯತೆಯೇ ಹೆಚ್ಚು. ಆಸ್ಟ್ರಿಯಾ-ಹಂಗೇರಿಯ ಸೈನ್ಯದಲ್ಲಿ ಬೋಸ್ನಿಯಾ-ಹರ್ಜೆಗೊವಿನಾದ ಕಾಲಾಳು ರೆಜಿಮೆಂಟುಗಳಿದ್ದವು. ಆ ರೆಜಿಮೆಂಟುಗಳ ಸಾಮಾನ್ಯ ಸೈನಿಕರಿಗೆಲ್ಲ ಫೆಜ್ಜೇ ಅಧಿಕೃತ ಟೋಪಿ. ಮುಸ್ಲಿಂ ಸೈನಿಕನೂ ಅದನ್ನೇ ಹಾಕಬೇಕು, ಪಕ್ಕದಲ್ಲಿ ನಿಂತ ಸರ್ಬ್ ಆರ್ಥೊಡಾಕ್ಸ್ ಕ್ರೈಸ್ತನೂ, ಕ್ರೊಯೇಟ್ ಕ್ಯಾಥೊಲಿಕನೂ ಅದನ್ನೇ ಹಾಕಬೇಕು. ಹಾಗಾಗಿ ಆ ಟೋಪಿ ನಿಮಗೆ ರೆಜಿಮೆಂಟು ಯಾವುದು ಅನ್ನುವುದನ್ನು ಹೇಳುತ್ತದೆ. ಹಾಕಿಕೊಂಡವನ ಪ್ರಾರ್ಥನೆ ಯಾವುದು ಅನ್ನುವುದನ್ನು ಹೇಳುವುದಿಲ್ಲ.

ಬಟ್ಟೆ ನೋಡಿ ಮನುಷ್ಯನನ್ನು ಗುರುತಿಸಿಬಿಡುವ ಮಾತು ಈಗ ನಮ್ಮ ಸುತ್ತ ಬಹಳ ಕೇಳಿಬರುತ್ತದೆ. ಹಾಗಿರುವಾಗ ಬಟ್ಟೆಯಿಂದ ಏನೇನು ಗುರುತಿಸಬಹುದು, ಏನನ್ನು ಗುರುತಿಸಲಾಗದು ಅನ್ನುವುದನ್ನು ಸ್ವಲ್ಪ ಶಿಸ್ತಾಗಿ ಕಲಿಯುವುದು ಒಳ್ಳೆಯದು. ಅದಕ್ಕೆ ಜರ್ಮನ್ ಮತ್ತು ಆಸ್ಟ್ರಿಯಾ-ಹಂಗೇರಿ ಸೈನ್ಯಾಧಿಕಾರಿಗಳ ಸಮವಸ್ತ್ರದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಈ ಪಾಠವನ್ನು ಧಾರಾವಿಯ ಕನ್ನಡ ಹುಡುಗ ಹುಡುಗಿಯರು ಬೇರೆಯವರಿಗಿಂತ ಬೇಗ ಕಲಿಯುತ್ತಾರೆ ಅನ್ನುವುದು ನನ್ನ ನಂಬಿಕೆ. ಯಾಕೆಂದರೆ ಇದು ದರ್ಜಿಯ ಕಣ್ಣು ಬೇಡುವ ವಿದ್ಯೆ. ಧಾರಾವಿಯ ಗಲ್ಲಿಗಳಲ್ಲಿ ಅಡ್ಡಾ ಕಟ್ಟಿ ಜರಿ ಕೆಲಸ ಮಾಡುವವರಿದ್ದಾರೆ, ಹೊಲಿಗೆ ಕಾರ್ಖಾನೆಗಳಿವೆ, ತೊಗಲಿನ ಅಂಗಡಿಗಳ ಸಾಲೇ ಇದೆ. ಕಸೂತಿ ಯಾವುದು, ಅಚ್ಚಿನಲ್ಲಿ ಒತ್ತಿದ ಮಾಲು ಯಾವುದು ಅಂತ ಅಲ್ಲಿ ಬೆಳೆದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಆಸ್ಟ್ರಿಯಾ-ಹಂಗೇರಿ. ಅವರ ದರ್ಜೆ ಇರುತ್ತಿದ್ದದ್ದು ಕಾಲರಿನ ಮೇಲೆ. ನಮ್ಮ ಪೊಲೀಸರಂತೆ ಭುಜ ನೋಡಿದರೆ ಏನೂ ಸಿಗುವುದಿಲ್ಲ. ಕಾಲರಿನಲ್ಲಿ ಒಂದು ನಕ್ಷತ್ರ ಕಂಡಿತು ಅನ್ನಿ. ಅವನು ಯಾರು? ಗೆಫ್ರೈಟರ್ ಅನ್ನುವ ಕೆಳದರ್ಜೆಯ ಸಿಪಾಯಿಯಾಗಿರಬಹುದು, ಲಾಯ್ಟ್‌ನಂಟ್ ಅನ್ನುವ ಕಿರಿಯ ಅಧಿಕಾರಿಯಾಗಿರಬಹುದು, ಮೇಜರ್ ಕೂಡ ಆಗಿರಬಹುದು. ಮೂವರಿಗೂ ಒಂದೊಂದೇ ನಕ್ಷತ್ರ! ವ್ಯತ್ಯಾಸ ಇರುವುದು ಸಾಮಾನಿನಲ್ಲಿ. ಗೆಫ್ರೈಟರ್‌ನದು ಬಿಳೀ ಸೆಲ್ಯುಲಾಯ್ಡ್ ನಕ್ಷತ್ರ. ಲಾಯ್ಟ್‌ನಂಟ್‌ನದು ಜರಿದಾರದಲ್ಲಿ ಕಸೂತಿ ಮಾಡಿದ್ದು. ಮೇಜರ್‌ನ ಕಾಲರಿಗೆ ಮೊದಲು ಅಗಲವಾದ ಜರಿಪಟ್ಟಿ ಹೊಲಿದು, ಅದರ ಮೇಲೆ ನಕ್ಷತ್ರ ಕೂರಿಸಿರುತ್ತಾರೆ. ಹಾಗೇ ಎರಡು ನಕ್ಷತ್ರ ಅಂದರೆ ಕಾರ್ಪೊರಲ್, ಓಬರ್‌ಲಾಯ್ಟ್‌ನಂಟ್ ಅಥವಾ ಲೆಫ್ಟಿನೆಂಟ್ ಕರ್ನಲ್. ಮೂರು ಅಂದರೆ ಅದಕ್ಕೂ ಮೇಲಿನವರು. ಅಧಿಕಾರಿಗಳಲ್ಲಿ ಹಾಪ್ಟ್‌ಮನ್, ಅಂದರೆ ಕ್ಯಾಪ್ಟನ್, ಜರಿಪಟ್ಟಿಯಿದ್ದರೆ ಕರ್ನಲ್. ಎಷ್ಟೋ ಜನ ನಕ್ಷತ್ರ ಎಣಿಸುತ್ತಾ ಕೂರುತ್ತಾರೆ. ಜರಿ ಕಾರಿಗಾರ ಮೊದಲು ನೋಡುವುದು ನಕ್ಷತ್ರದ ಹೊಳಪನ್ನು, ಕೆಳಗಿನ ಬಟ್ಟೆಯನ್ನು. ಈ ವಿಷಯದಲ್ಲಿ ಅವನೇ ಸರಿ.

ಜರ್ಮನಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಅಧಿಕಾರಿಯ ದರ್ಜೆ ಭುಜಪಟ್ಟಿಯಲ್ಲಿ. ಲಾಯ್ಟ್‌ನಂಟ್‌ಗೆ ನಕ್ಷತ್ರವೇ ಇಲ್ಲ, ಓಬರ್‌ಲಾಯ್ಟ್‌ನಂಟ್‌ಗೆ ಒಂದು, ಹಾಪ್ಟ್‌ಮನ್‌ಗೆ ಎರಡು. ನಮ್ಮ ಸೈನ್ಯದಲ್ಲಿ ಇವತ್ತು ಎರಡು ನಕ್ಷತ್ರ ಅಂದರೆ ಲೆಫ್ಟಿನೆಂಟ್, ಮುಂಬಯಿ ಪೊಲೀಸಿನಲ್ಲಿ ಪಿಎಸ್‌ಐ. ಆ ಲೆಕ್ಕ ಹಿಡಿದು ಹೋದರೆ ಜರ್ಮನ್ ಕ್ಯಾಪ್ಟನ್ನನ್ನು ನೀವು ಲೆಫ್ಟಿನೆಂಟ್ ಮಾಡಿಬಿಡುತ್ತೀರಿ. ಮೇಜರ್ ಆದ ಕೂಡಲೇ ಮತ್ತೆ ಸೊನ್ನೆಯಿಂದ ಶುರು: ನಕ್ಷತ್ರ ಇಲ್ಲ, ಆದರೆ ಭುಜಪಟ್ಟಿ ಜಡೆಯಂತೆ ಹೆಣೆದಿರುತ್ತದೆ. ಕೆಳಗಿನ ಮೂವರದು ಚಪ್ಪಟೆಯಾಗಿ ಪಕ್ಕಪಕ್ಕ ಹಾಸಿದ ಹುರಿ, ಮೇಲಿನವರದು ಹೆಣಿಗೆ. ಜನರಲ್‌ಗಳದು ಚಿನ್ನ ಬೆಳ್ಳಿ ಎರಡೂ ಸೇರಿದ ಹೆಣಿಗೆ. ಕುದುರೆ ದಳದ ಕ್ಯಾಪ್ಟನ್ನಿಗೆ ಹಾಪ್ಟ್‌ಮನ್ ಅನ್ನುವುದಿಲ್ಲ, ರಿಟ್‌ಮೈಸ್ಟರ್ ಅನ್ನುತ್ತಾರೆ. ಇದು ಎರಡೂ ಸೈನ್ಯಗಳಿಗೆ ಹೊಂದುತ್ತದೆ.

ಇನ್ನೊಂದು ಸಣ್ಣ ಗುರುತು ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಜರ್ಮನ್ ಸೈನಿಕನ ಟೋಪಿಯ ಮುಂದೆ ಒಂದರ ಕೆಳಗೊಂದು ಎರಡು ದುಂಡನೆಯ ಬಿಲ್ಲೆಗಳಿರುತ್ತವೆ. ಮೇಲಿನದು ಇಡೀ ಜರ್ಮನ್ ಸಾಮ್ರಾಜ್ಯದ್ದು: ಕಪ್ಪು, ಬಿಳಿ, ಕೆಂಪು. ಕೆಳಗಿನದು ಅವನ ಸ್ವಂತ ರಾಜ್ಯದ್ದು. ಪ್ರಶ್ಯದವನಿಗೆ ಕಪ್ಪು ಬಿಳುಪು, ಬವೇರಿಯಾದವನಿಗೆ ಬಿಳಿ ನೀಲಿ, ಸ್ಯಾಕ್ಸನಿಯವನಿಗೆ ಬಿಳಿ ಹಸಿರು. ಜರ್ಮನಿ ಅಂದರೆ ಒಂದೇ ಸೈನ್ಯ ಅಂದುಕೊಳ್ಳುತ್ತೇವೆ ಅಲ್ವಾ? ಅದು ರಾಜರುಗಳ ಸೈನ್ಯಗಳ ಒಕ್ಕೂಟವಾಗಿತ್ತು. ಮೈಸೂರು, ಜೋಧಪುರ, ಹೈದರಾಬಾದಿನ ಅರಸರು ತಮ್ಮ ತಮ್ಮ ಕುದುರೆ ದಳವನ್ನು ಬ್ರಿಟಿಷರ ಜೊತೆ ಕಳಿಸಿದ್ದನ್ನು ಬಲ್ಲವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ.

ಈಗ ತೊಗಲಿನ ವಿಷಯ. ತಲೆಯ ಮೇಲೆ ಮೊಳೆ ನಿಂತಿರುವ ಜರ್ಮನ್ ಶಿರಸ್ತ್ರಾಣವನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಪಿಕೆಲ್‌ಹಾಬೆ ಅಂತ ಅದರ ಹೆಸರು. ನೋಡಲಿಕ್ಕೆ ಕಬ್ಬಿಣದ್ದು ಅನಿಸುತ್ತದೆ, ಆದರೆ ಅದು ಗಟ್ಟಿ ಮಾಡಿದ ತೊಗಲು, ಮೇಲೆ ಕಪ್ಪು ಮೆರುಗೆಣ್ಣೆ. ಪ್ರಶ್ಯದಲ್ಲಿ 1842ರಲ್ಲಿ ಬಂತು. ಯುದ್ಧಕ್ಕೆ ಮುಂಚೆ ಭಾರತದಿಂದ ಹಡಗು ಹತ್ತುತ್ತಿದ್ದ ಹಸಿ ತೊಗಲಿಗೆ ದೊಡ್ಡ ಗಿರಾಕಿಗಳು ಯಾರು ಗೊತ್ತಾ? ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ. ಕಲ್ಕತ್ತಾದ ತೊಗಲು ವ್ಯಾಪಾರ ಬಹುಪಾಲು ಜರ್ಮನ್ ಕಂಪನಿಗಳ ಕೈಯಲ್ಲಿತ್ತು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾಗಿ ಬ್ರಿಟಿಷರ ನೌಕಾ ದಿಗ್ಬಂಧನ ಬಿದ್ದ ಮೇಲೆ ಆ ದಾರಿ ಮುಚ್ಚಿಹೋಯಿತು. ಜರ್ಮನ್ನರು ಅದೇ ಶಿರಸ್ತ್ರಾಣವನ್ನು ಉಣ್ಣೆಯ ಫೆಲ್ಟಿನಲ್ಲಿ, ತಗಡಿನಲ್ಲಿ ಮಾಡತೊಡಗಿದರು. 1916ರಿಂದ ಉಕ್ಕಿನ ಶಿರಸ್ತ್ರಾಣ ಬಂತು. ಹಾಗಾಗಿ ಸಂಗ್ರಹಾಲಯದಲ್ಲೋ ಹರಾಜಿನಲ್ಲೋ ಫೆಲ್ಟಿನ ಪಿಕೆಲ್‌ಹಾಬೆ ಕಂಡರೆ ಅದು ಯುದ್ಧದ ಮೊದಲ ದಿನಗಳದ್ದಲ್ಲ, ತೊಗಲಿನ ಬರ ಬಂದ ಮೇಲಿನದ್ದು ಅಂತ ತಿಳಿಯಬಹುದು. ಇತ್ತ ಮದ್ರಾಸು, ಬೊಂಬಾಯಿಯಲ್ಲಿ ಹದ ಮಾಡಿದ ತೊಗಲನ್ನು ಬ್ರಿಟಿಷ್ ಸರ್ಕಾರ ತನ್ನ ಸೈನಿಕರ ಬೂಟಿಗೆಂದು ತೆಗೆದುಕೊಳ್ಳತೊಡಗಿತು. ಧಾರಾವಿಯಲ್ಲಿ ತಿರುನೆಲ್ವೇಲಿ ಕಡೆಯ ತಮಿಳು ಮುಸ್ಲಿಮರು ಹತ್ತೊಂಬತ್ತನೇ ಶತಮಾನದ ಕೊನೆಗೇ ತೊಗಲು ಹದ ಮಾಡುವ ಕೆಲಸ ಶುರು ಮಾಡಿದ್ದರು.

ತಮಿಳರ ಮಾತು ಬಂತು, ಹೇಳಿಬಿಡುತ್ತೇನೆ. ನಿಮ್ಮ ತಮಿಳು ನೆರೆಯವರು ಜಗಮೊಂಡ, ಚಾಲಾಕಿ ಮನುಷ್ಯನಿಗೆ ‘ಎಂಡನ್’ ಅನ್ನುವುದನ್ನು ಕೇಳಿದ್ದೀರಾ? ಅದು ಎಂಡೆನ್ ಎಂಬ ಜರ್ಮನ್ ಯುದ್ಧನೌಕೆಯ ಹೆಸರು. 1914ರ ಸೆಪ್ಟೆಂಬರ್ 22ರ ರಾತ್ರಿ ಅದು ಮದ್ರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಯಿತು. ಅದರ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲರ್ ನೌಕಾದಳದವನು. ಅವನ ದರ್ಜೆಯನ್ನು ತೋಳಿನ ಪಟ್ಟೆಗಳಲ್ಲಿ ಓದಬೇಕು. ಅದು ಬೇರೆಯೇ ಪಾಠ.

ಬಣ್ಣದ ಮಾತನ್ನೂ ಇಲ್ಲೇ ಮುಗಿಸೋಣ. ಖಾಕಿ ಅನ್ನುವ ಪದ ಪಾರಸಿಯ ‘ಖಾಕ್’ನಿಂದ ಬಂದದ್ದು, ಮಣ್ಣು ಅಂತ ಅರ್ಥ. ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ 1850ರ ಹೊತ್ತಿಗೆ ಹ್ಯಾಲರ್ ಎಂಬ ನೇಕಾರ ಈ ಬಣ್ಣವನ್ನು ತೆಗೆದ ಅಂತ ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ವಾಯವ್ಯ ಗಡಿಯಲ್ಲಿ ಲಮ್ಸ್‌ಡೆನ್‌ನ ಗೈಡ್ಸ್ ದಳ ಅದಕ್ಕೂ ಮುಂಚೆಯೇ ಮಣ್ಣಿನ ಬಣ್ಣದ ಬಟ್ಟೆ ಹಾಕುತ್ತಿತ್ತು, ಹಾಗಾಗಿ ‘ಮೊದಲು’ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಗಮನಿಸಬೇಕಾದ್ದು ಬೇರೆ. ಅದೇ ಬಾಸೆಲ್ ಮಿಶನ್ನಿನ ಜರ್ಮನ್ನರನ್ನು ಮಹಾಯುದ್ಧದಲ್ಲಿ ಶತ್ರು ದೇಶದವರು ಅಂತ ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟರು. 1834ರಿಂದ ಮಂಗಳೂರಿನಲ್ಲಿ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಕಟ್ಟಿದ ಸಂಸ್ಥೆಯ ಜನ ಹಾಕಿದ್ದ ಬಟ್ಟೆ ಪಾದ್ರಿಯದೋ ಕುಶಲಕರ್ಮಿಯದೋ. ಆದರೂ ಪಾಸ್‌ಪೋರ್ಟ್ ಸಾಕಾಯಿತು.

ಮತ್ತೆ ಬೋಸ್ನಿಯಾಕ್ಕೆ ಹೋಗೋಣ, ಯಾಕೆಂದರೆ ನಮ್ಮ ಓದುಗರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದು. 1878ರವರೆಗೆ ಅದು ಉಸ್ಮಾನಿ ಸುಲ್ತಾನರದು. ಆ ವರ್ಷ ಆಸ್ಟ್ರಿಯಾ-ಹಂಗೇರಿ ಅದನ್ನು ಆಕ್ರಮಿಸಿಕೊಂಡಿತು. 1881ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂತು. ಮರುವರ್ಷವೇ ಹರ್ಜೆಗೊವಿನಾದಲ್ಲಿ ದಂಗೆ. ಅದರಲ್ಲಿ ಮುಸ್ಲಿಮರೂ ಇದ್ದರು, ಸರ್ಬರೂ ಇದ್ದರು. ದಂಗೆಯನ್ನು ಅಡಗಿಸಿದ ಸರ್ಕಾರವೇ ನಿಧಾನಕ್ಕೆ ಒಂದು ಮಾತು ಅರ್ಥ ಮಾಡಿಕೊಂಡಿತು: ಈ ಹುಡುಗರನ್ನು ಅವರ ಟೋಪಿಯ ಸಮೇತ, ಅವರ ನಮಾಜಿನ ಸಮೇತ ತೆಗೆದುಕೊಳ್ಳದಿದ್ದರೆ ಸೈನ್ಯ ನಡೆಯುವುದಿಲ್ಲ. 1894ರಲ್ಲಿ ನಾಲ್ಕು ರೆಜಿಮೆಂಟುಗಳಾದವು. ಮೆರವಣಿಗೆಗೆ ಕೆಂಪು ಫೆಜ್, ರಣರಂಗಕ್ಕೆ ಬೂದು ಫೆಜ್. ಮೊಣಕಾಲಿನವರೆಗೆ ಸಡಿಲವಾದ ಷರಾಯಿ. ಸೈನ್ಯದ ಸಂಬಳ ಪಡೆಯುವ ಇಮಾಮರು. 1912ರಲ್ಲಿ ಆಸ್ಟ್ರಿಯಾ ಕಾನೂನು ಮಾಡಿ ಇಸ್ಲಾಂ ಧರ್ಮಕ್ಕೆ, ಹನಫಿ ಪಂಥದ ರೀತಿಯಲ್ಲಿ, ಮಾನ್ಯತೆ ಕೊಟ್ಟಿತು. ಯುದ್ಧದ ನಡುವೆ, ಈಗಿನ ಸ್ಲೊವೇನಿಯಾದ ಲೋಗ್ ಪೊಡ್ ಮಂಗರ್ಟೊಂ ಎಂಬ ಬೆಟ್ಟದ ಹಳ್ಳಿಯಲ್ಲಿ ಬೋಸ್ನಿಯಾದ ಸೈನಿಕರು ಮಸೀದಿಯೊಂದನ್ನು ಕಟ್ಟಿಕೊಂಡರು. ಮಸೀದಿ ಈಗಿಲ್ಲ. ಸೈನಿಕರ ಸ್ಮಶಾನ ಇದೆ, ಅಲ್ಲಿಯ ಸ್ಮಾರಕದಲ್ಲಿ ಫೆಜ್ ಹಾಕಿದ ಬೋಸ್ನಿಯನ್ ಒಬ್ಬನ ಪ್ರತಿಮೆಯಿದೆ.

ಈ ರೆಜಿಮೆಂಟಿನ ಅಧಿಕಾರಿಯ ಫೋಟೋ ಸಿಕ್ಕರೆ ಎಚ್ಚರ. ಅಧಿಕಾರಿಗಳಲ್ಲಿ ಮುಸ್ಲಿಮರಾದವರು ಫೆಜ್ ಹಾಕಬಹುದಿತ್ತು, ಮಿಕ್ಕವರು ಸಾಮಾನ್ಯವಾಗಿ ಉಳಿದ ಆಸ್ಟ್ರಿಯನ್ ಅಧಿಕಾರಿಗಳಂಥದೇ ಟೋಪಿ ಹಾಕುತ್ತಿದ್ದರು. ಅಂದರೆ ಸಿಪಾಯಿಯ ತಲೆಯ ಮೇಲಿನ ಫೆಜ್ ಧರ್ಮದ ಬಗ್ಗೆ ಏನೂ ಹೇಳುವುದಿಲ್ಲ. ಅದೇ ಕಂಪನಿಯ ಅಧಿಕಾರಿಯ ತಲೆಯ ಮೇಲಿದ್ದರೆ ಏನೋ ಸ್ವಲ್ಪ ಹೇಳುತ್ತದೆ. ಒಂದೇ ಟೋಪಿ, ಎರಡು ಅರ್ಥ. ಇನ್ನೂ ಒಂದು ಸ್ವಾರಸ್ಯವಿದೆ. ಆ ಸೈನ್ಯದಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಿದ್ದವು. ಕವಾಯತಿನ ಆಜ್ಞೆಗಳು ಮಾತ್ರ ಜರ್ಮನ್, ಸುಮಾರು 80 ಪದ. ಉಳಿದದ್ದೆಲ್ಲ ರೆಜಿಮೆಂಟಿನವರ ಮಾತಿನಲ್ಲೇ ನಡೆಯಬೇಕು, ಅಧಿಕಾರಿಯೇ ಅದನ್ನು ಕಲಿಯಬೇಕು. ತಮಿಳು, ಮರಾಠಿ, ಉರ್ದು, ಕನ್ನಡ, ತೆಲುಗು ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುವ ಊರಿನವರಿಗೆ ಈ ವ್ಯವಸ್ಥೆ ವಿಚಿತ್ರ ಅನಿಸಲಾರದು.

ಇನ್ನು ಮೋಸದ ಇನ್ನೊಂದು ಮುಖ. ತುರ್ಕಿಯ ಸಮವಸ್ತ್ರ ಹಾಕಿ, ಕುರಿಮರಿಯ ಚರ್ಮದ ಕಲ್ಪಾಕ್ ಟೋಪಿ ಇಟ್ಟು ನಿಂತ ಮನುಷ್ಯ ಅಪ್ಪಟ ಪ್ರಶ್ಯದವನಾಗಿರಬಹುದು. ಉಸ್ಮಾನಿ ಸೈನ್ಯಕ್ಕೆ ಹೋದ ಜರ್ಮನ್ ಅಧಿಕಾರಿಗಳು ಅಲ್ಲಿಯ ಬಟ್ಟೆ ಹಾಕುತ್ತಿದ್ದರು, ಸಾಮಾನ್ಯವಾಗಿ ತಮ್ಮ ಸ್ವಂತ ದರ್ಜೆಗಿಂತ ಒಂದು ಮೆಟ್ಟಿಲು ಮೇಲಿನ ದರ್ಜೆಯೂ ಸಿಗುತ್ತಿತ್ತು. ಬೊಂಬಾಯಿಯಿಂದ ಹೊರಟ ಪೂನಾ ಡಿವಿಷನ್ ಇರಾಕಿನ ಕುಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್ 29ರಂದು ಶರಣಾಯಿತು. ಆ ಮುತ್ತಿಗೆ ಹಾಕಿದ ಉಸ್ಮಾನಿ ಸೈನ್ಯದ ಮೇಲಧಿಕಾರಿ, ಶರಣಾಗತಿಗೆ ಹತ್ತು ದಿನ ಮುಂಚೆ ಬಗ್ದಾದಿನಲ್ಲಿ ತೀರಿಕೊಂಡ ಗೋಲ್ಟ್ಸ್ ಪಾಷಾ. ಪೂರ್ತಿ ಹೆಸರು ಕೋಲ್ಮಾರ್ ಫಾನ್ ಡೆರ್ ಗೋಲ್ಟ್ಸ್. ಜರ್ಮನ್ ಫೀಲ್ಡ್ ಮಾರ್ಷಲ್.

ಈ ಗೊಂದಲದ ನಡುವೆ 1914ರ ನವೆಂಬರ್ 14ರಂದು ಇಸ್ತಾಂಬುಲಿನಿಂದ ಜಿಹಾದಿನ ಕರೆ ಹೊರಟಿತು: ಬ್ರಿಟನ್, ಫ್ರಾನ್ಸ್, ರಷ್ಯಾದ ವಿರುದ್ಧ. ಬೋಸ್ನಿಯಾದ ಮುಸ್ಲಿಂ ಸೈನಿಕನಿಗೆ ತನ್ನ ಚಕ್ರವರ್ತಿಯೂ ಖಲೀಫರೂ ಒಂದೇ ಪಕ್ಷದಲ್ಲಿ ಸಿಕ್ಕರು. ಭಾರತದ ಮುಸ್ಲಿಂ ಸೈನಿಕನಿಗೆ ಆ ಅದೃಷ್ಟ ಇರಲಿಲ್ಲ. ಅವನ ಎದುರಿಗೆ ಖಲೀಫರ ಸೈನ್ಯವೇ ನಿಂತಿತ್ತು. ಬರ್ಲಿನ್ ಹತ್ತಿರದ ವ್ಯೂನ್ಸ್‌ಡೋರ್ಫಿನಲ್ಲಿ ಜರ್ಮನ್ನರು ಮುಸ್ಲಿಂ ಯುದ್ಧ ಕೈದಿಗಳಿಗಾಗಿ ‘ಅರ್ಧಚಂದ್ರ ಶಿಬಿರ’ ಮಾಡಿ, 1915ರಲ್ಲಿ ಮರದ ಮಸೀದಿ ಕಟ್ಟಿಕೊಟ್ಟರು. ಕೈದಿಗಳ ಮನಸ್ಸು ತಿರುಗಿಸುವ ಲೆಕ್ಕಾಚಾರ ಅದು. ನಮ್ಮವರ ದನಿಗಳನ್ನು ಆ ಶಿಬಿರಗಳಲ್ಲಿ ತಟ್ಟೆಗಳ ಮೇಲೆ ಧ್ವನಿಮುದ್ರಣ ಮಾಡಿದ್ದು ಇಂದಿಗೂ ಬರ್ಲಿನ್ನಿನಲ್ಲಿದೆ.

ಈಗ ಕನ್ನಡ ನಾಡಿನವರು ಈ ಜರ್ಮನ್, ಆಸ್ಟ್ರಿಯನ್ ಸಮವಸ್ತ್ರಗಳ ಎದುರಿಗೆ ನೇರವಾಗಿ ನಿಂತ ದಿನಕ್ಕೆ ಬರೋಣ. 1918ರ ಸೆಪ್ಟೆಂಬರ್ 23, ಪ್ಯಾಲೆಸ್ತೀನಿನ ಹೈಫಾ. ಉಸ್ಮಾನಿ ಸೈನ್ಯಗಳ ಒಟ್ಟು ದಂಡನಾಯಕ ಲೀಮನ್ ಫಾನ್ ಸ್ಯಾಂಡರ್ಸ್, ಅವನೂ ಜರ್ಮನ್ನನೇ. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಆಸ್ಟ್ರಿಯಾದ ಲಘು ಫಿರಂಗಿಗಳು. ಜೋಧಪುರ ಲ್ಯಾನ್ಸರ್ಸ್ ಊರಿನ ಕಡೆಗೆ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯಿತು. ದಿನದ ಕೊನೆಗೆ ಸೆರೆ ಸಿಕ್ಕವರು 1,350 ಮಂದಿ. ಅವರಲ್ಲಿ ಉಸ್ಮಾನಿ ಅಧಿಕಾರಿಗಳು 35, ಜರ್ಮನ್ ಅಧಿಕಾರಿಗಳು ಇಬ್ಬರು. ನಮ್ಮ ಕಡೆ ಸತ್ತವರು ಎಂಟು, ಗಾಯಗೊಂಡವರು 34. ಕುದುರೆಗಳು 60 ಸತ್ತವು.

ಅದೇ ಬ್ರಿಗೇಡಿನ ಹೈದರಾಬಾದ್ ಲ್ಯಾನ್ಸರ್ಸ್ ಮುಸ್ಲಿಮರ ದಳ ಅನ್ನುವ ಕಾರಣಕ್ಕೆ ಬ್ರಿಟಿಷರು ಅವರನ್ನು ತುರ್ಕರ ಎದುರು ನೇರ ಕಾಳಗದಿಂದ ದೂರ ಇಟ್ಟರು ಅಂತ ಬರೆದಿದ್ದಾರೆ. ಆದರೆ ಮೈಸೂರಿನ ದಳದಲ್ಲೂ ಮುಸ್ಲಿಂ ಸವಾರರಿದ್ದರು, ಅರಸರೂ ಮರಾಠರೂ ಇದ್ದರು, ಎಲ್ಲರೂ ಒಂದೇ ಖಾಕಿ, ಒಂದೇ ರುಮಾಲು. ಬೆಟ್ಟದ ಮೇಲಿನ ಆಸ್ಟ್ರಿಯನ್ ತೋಪುಗಾರನಿಗೆ ದುರ್ಬೀನಿನಲ್ಲಿ ಇವರಲ್ಲಿ ಯಾರು ಯಾರು ಅಂತ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಈಗ ಹೈಫಾ ದಿನದ ಭಾಷಣಗಳಲ್ಲಿ ಈ ಕಾಳಗವನ್ನು ಎರಡು ಧರ್ಮಗಳ ನಡುವಿನ ಲೆಕ್ಕ ಎಂಬಂತೆ ಹೇಳುವವರಿದ್ದಾರೆ. ಎರಡೂ ಕಡೆಯ ಹಾಜರಿ ಪಟ್ಟಿ ನೋಡಿದವರು ಹಾಗೆ ಹೇಳಲಾರರು. ಆ ಕಡೆ ಪ್ರಾಟೆಸ್ಟೆಂಟ್ ಪ್ರಶ್ಯದವರು, ಕ್ಯಾಥೊಲಿಕ್ ಆಸ್ಟ್ರಿಯನ್ನರು, ಮುಸ್ಲಿಂ ತುರ್ಕರು. ಈ ಕಡೆ ಹಿಂದೂ ಮುಸ್ಲಿಂ ಮೈಸೂರಿಗರು, ರಜಪೂತರು, ಮೇಲೆ ಇಂಗ್ಲಿಷರು. ಮರುವರ್ಷ, 1919ರಲ್ಲಿ, ಇದೇ ಬೊಂಬಾಯಿಯಲ್ಲಿ ಖಿಲಾಫತ್ ಸಮಿತಿ ಹುಟ್ಟಿತು.

ನೀವೇ ಹುಡುಕಲು ಹೊರಟರೆ ಕೆಲವು ಮಾತು. ಆ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ: ಕೆಂಪು ಫೆಜ್ ಕಪ್ಪಾಗಿ ಬೀಳುತ್ತದೆ, ನೀಲಿ ಬಟ್ಟೆ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಕಪ್ಪು ಬಿಳುಪು ಚಿತ್ರದಿಂದ ಬಣ್ಣ ಊಹಿಸಲು ಹೋಗಬೇಡಿ, ಗುಂಡಿಯ ಮೇಲಿನ ಅಂಕಿ, ಹೊಲಿಗೆ, ಪಟ್ಟಿಯ ಅಗಲ ನೋಡಿ. ಫೋಟೋದ ಹಿಂದೆ ಬರೆದದ್ದನ್ನು ಮೊದಲು ಓದಿ. ಪ್ರಶ್ಯದ ಸೈನ್ಯದ ದಾಖಲೆಗಳು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಾಂಬು ಬಿದ್ದಾಗ ಬಹುಪಾಲು ಸುಟ್ಟುಹೋದವು. ಅದಕ್ಕೇ ಪ್ರಶ್ಯದ ಅಧಿಕಾರಿಯನ್ನು ಹುಡುಕುವವರು ಅಚ್ಚಾದ ವಾರ್ಷಿಕ ದರ್ಜೆಪಟ್ಟಿಗಳನ್ನೂ, ಸತ್ತು ಗಾಯಗೊಂಡವರ ಪಟ್ಟಿಗಳನ್ನೂ ಹಿಡಿಯುತ್ತಾರೆ. ಬವೇರಿಯಾದವನಾದರೆ ಮ್ಯೂನಿಕ್ಕಿನಲ್ಲಿ, ಆಸ್ಟ್ರಿಯಾದವನಾದರೆ ವಿಯೆನ್ನಾದ ಯುದ್ಧ ದಾಖಲೆಗಳ ಭಂಡಾರದಲ್ಲಿ ಕಾಗದ ಉಳಿದಿದೆ. ಜೆರುಸಲೇಮಿನ ಜಿಯಾನ್ ಬೆಟ್ಟ ಹತ್ತುತ್ತಿರುವ ಆಸ್ಟ್ರಿಯನ್ ಸೈನಿಕರ 1916ರ ಚಿತ್ರವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿ ಮೊಬೈಲಿನಲ್ಲೇ ನೋಡಬಹುದು. ಕಾಲರು ಭುಜದ ಅಭ್ಯಾಸಕ್ಕೆ ಒಳ್ಳೆಯದು.

ನಮ್ಮ ಕಡೆಯವರ ಹೆಸರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಪಟ್ಟಿಯಲ್ಲಿ ರೆಜಿಮೆಂಟಿನ ಹೆಸರು ಹಾಕಿಯೂ ಹುಡುಕಬಹುದು. ಹೆಸರು ಬರೆದುಕೊಳ್ಳುವಾಗ ದರ್ಜೆಯನ್ನೂ ಬರೆದುಕೊಳ್ಳಿ: ಸವಾರ, ದಫೇದಾರ, ಜಮಾದಾರ, ರಿಸಾಲ್ದಾರ. ನಾಲ್ಕೂ ಪಾರಸಿಯ ದಾರಿಯಿಂದ ಬಂದ ಮಾತುಗಳು. ಅರಸು ಕುಲದವನಿಗೂ ಅದೇ ದರ್ಜೆ, ಖಾನನಿಗೂ ಅದೇ. ಎದುರಿಗಿದ್ದ ಜರ್ಮನ್ ಈಟಿ ಸವಾರನಿಗೆ ಅವರ ಸೈನ್ಯದಲ್ಲಿ ‘ಉಲಾನ್’ ಅಂತ ಹೆಸರು. ಅದು ಪೋಲೆಂಡಿನ ರಾಜನಿಗೆ ಕುದುರೆ ಓಡಿಸಿದ ಮುಸ್ಲಿಂ ತಾತಾರರ ಮಾತು, ‘ಹುಡುಗ’ ಅಂತ ಅರ್ಥ.